250 ಮೀಟರ್‌ಗಳ ಪಾಠ

ಜರ್ಮನಿಯ ಹೆದ್ದಾರಿಯಾದ ಆಟೋಬಾನಿಗೆ ಹತ್ತಿಸುವ ತಿರುವು ಮುಗಿದು ರಸ್ತೆ ನೇರವಾದದ್ದೇ ತಡ, ನನ್ನ ಬಲಗಾಲು ತಾನಾಗಿಯೇ ಬ್ರೇಕಿನ ಕಡೆ ಸರಿದಿತ್ತು. ಎಡಗನ್ನಡಿಯಲ್ಲಿ ಒಂದರ ಹಿಂದೊಂದು ಲಾರಿ. ದಪ್ಪ ತುಂಡುಗೆರೆಗಳ ಆಚೆ ಅವುಗಳ ಚಕ್ರಗಳು ನನ್ನ ಕಿಟಕಿಯ ಎತ್ತರಕ್ಕೆ ಉರುಳುತ್ತಿದ್ದವು. ಪಕ್ಕದಲ್ಲಿ ಕುಳಿತಿದ್ದ ಶಿಕ್ಷಕರು ದನಿ ಏರಿಸಲಿಲ್ಲ. "ಸೇರುವ ಪಥದ ಈ 250 ಮೀಟರ್ ನಿಲ್ಲುವುದಕ್ಕೆ ಕೊಟ್ಟದ್ದಲ್ಲ, ಅವರ ವೇಗಕ್ಕೆ ನೀವು ಬರುವುದಕ್ಕೆ ಕೊಟ್ಟದ್ದು" ಎಂದರು. ಮೂರನೇ ಗೇರಿನಲ್ಲೇ ಆಕ್ಸಿಲರೇಟರನ್ನು ಪೂರ್ತಿ ಒತ್ತಲು ಹೇಳಿದರು. ಎಂಜಿನ್ ಕೂಗಿತು, ಮುಳ್ಳು 60ರಿಂದ 90ಕ್ಕೆ ಏರಿತು. ಕನ್ನಡಿ ನೋಡಿದೆ, ಇಂಡಿಕೇಟರ್ ಹಾಕಿದೆ, ಭುಜದ ಮೇಲಿಂದ ಕತ್ತು ಹೊರಳಿಸಿ ನೋಡಿದೆ. ಎರಡು ಲಾರಿಗಳ ನಡುವೆ, ಅಷ್ಟು ಹೊತ್ತು ನನ್ನ ಕಣ್ಣಿಗೆ ಬೀಳದಿದ್ದ ಒಂದು ಜಾಗ ಇತ್ತು. ನಿಧಾನವಾಗಿ ಹೋಗುವವಳಿಗೆ ಕಾಣಿಸದ ಜಾಗ ಅದು. ಅವುಗಳ ವೇಗಕ್ಕೆ ಬಂದಾಗ ಮಾತ್ರ ಅದು ನನ್ನ ಪಕ್ಕದಲ್ಲೇ ಅಲುಗಾಡದೆ ನಿಂತಂತೆ ಕಂಡಿತು.

ಆ ಹೊತ್ತಿಗೆ ನಾನು ಎಂಟು ವರ್ಷ ಕಾರು ಓಡಿಸಿದ್ದೆ. ಒಂದು ಅಪಘಾತವೂ ಇಲ್ಲ, ಒಂದು ದಂಡವೂ ಇಲ್ಲ. ಹೆದ್ದಾರಿಗೆ ಸೇರಿಕೊಳ್ಳುವುದನ್ನು ನನಗೆ ಯಾರೂ ಕಲಿಸಿಯೇ ಇರಲಿಲ್ಲ ಎಂಬುದು ಗೊತ್ತಾದದ್ದು ಆ ಬೆಳಿಗ್ಗೆ.

ನಾನು ಪರವಾನಗಿ ಪಡೆದದ್ದು ಅಮೆರಿಕದ ಒಂದು ರಾಜ್ಯದಲ್ಲಿ. ಅಲ್ಲಿ ಇಡೀ ದೇಶಕ್ಕೆ ಒಂದೇ ಪರೀಕ್ಷೆ ಇಲ್ಲ, ಪರವಾನಗಿ ಕೊಡುವುದು ಆಯಾ ರಾಜ್ಯದ ಕೆಲಸ. ನಾನು ವಯಸ್ಕಳಾದ್ದರಿಂದ ಶಾಲೆಗೆ ಹೋಗಿ ಕಲಿಯಲೇಬೇಕೆಂಬ ಕಡ್ಡಾಯ ಇರಲಿಲ್ಲ. ತೆಳುವಾದ ಕೈಪಿಡಿಯೊಂದನ್ನು ಓದಿ ಕಂಪ್ಯೂಟರಿನ ಮುಂದೆ ಕುಳಿತು ಉತ್ತರಿಸಿದೆ, ಸ್ನೇಹಿತೆಯೊಬ್ಬಳ ಕಾರಿನಲ್ಲಿ ಖಾಲಿ ನಿಲುಗಡೆ ಜಾಗದಲ್ಲಿ ಸುತ್ತಿದೆ, ಒಂದು ದಿನ ಪರೀಕ್ಷೆಗೆ ಹೋದೆ. ಪರೀಕ್ಷೆ ನಡೆದದ್ದು ಸುಮಾರು 15 ನಿಮಿಷ. ಬಲಕ್ಕೆ ತಿರುಗಿ, ನಿಲ್ಲುವ ಫಲಕದ ಮುಂದೆ ಪೂರ್ತಿ ನಿಲ್ಲಿಸಿ, ಎರಡು ಕಂಬಗಳ ನಡುವೆ ಹಿಮ್ಮುಖವಾಗಿ ನಿಲ್ಲಿಸಿ ಎಂದರು. ಗಂಟೆಗೆ 35 ಮೈಲಿಗಿಂತ ಹೆಚ್ಚು ವೇಗದಲ್ಲಿ ಆ ದಿನ ಕಾರು ಓಡಲಿಲ್ಲ. ಕೈಗೆ ಪರವಾನಗಿ ಬಂತು. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗಲು ಐದು ಪಥಗಳ ಇಂಟರ್‌ಸ್ಟೇಟ್ ಹೆದ್ದಾರಿ ಹತ್ತಿದೆ. ಕಾನೂನಿನ ಪ್ರಕಾರ ನಾನು ಪೂರ್ಣ ಚಾಲಕಿ. ನನ್ನ ಅಂಗೈಗಳು ಸ್ಟೀರಿಂಗ್ ಮೇಲೆ ಬೆವರಿ ಜಾರುತ್ತಿದ್ದದ್ದು ಈಗಲೂ ನೆನಪಿದೆ.

ಆಮೇಲೆ ರೂಢಿಯಾಯಿತು. ರೂಢಿ ಎನ್ನುವುದು ಪಾಠವಲ್ಲ, ಆದರೆ ಪಾಠದ ವೇಷದಲ್ಲಿ ಬರುತ್ತದೆ. ಸೇರುವ ಪಥದ ತುದಿಯವರೆಗೆ ನಿಧಾನವಾಗಿ ಹೋಗಿ, ಯಾರಾದರೂ ಜಾಗ ಬಿಡುವರೇ ಎಂದು ಕಾದು ನುಗ್ಗುವುದನ್ನೇ ನಾನು ಎಚ್ಚರಿಕೆ ಎಂದುಕೊಂಡಿದ್ದೆ. ನನ್ನ ಹಿಂದೆ ಬರುತ್ತಿದ್ದವರು ಆ ಎಚ್ಚರಿಕೆಗೆ ಎಷ್ಟು ಸಲ ಬ್ರೇಕ್ ಒತ್ತಿದರೋ ನಾನು ಲೆಕ್ಕ ಇಟ್ಟವಳಲ್ಲ.

ಜರ್ಮನಿಗೆ ಬಂದ ಮೇಲೆ ಹೊರಗಿನ ಪರವಾನಗಿಯಲ್ಲಿ ಆರು ತಿಂಗಳು ಓಡಿಸಬಹುದು. ಅನಂತರ ಏನು ಎಂಬುದು ಪರವಾನಗಿ ಎಲ್ಲಿಯದು ಎಂಬುದರ ಮೇಲೆ ನಿಂತಿದೆ. ಅಮೆರಿಕದ ಕೆಲವು ರಾಜ್ಯಗಳ ಪರವಾನಗಿಯನ್ನು ಹಾಗೆಯೇ ಬದಲಿಸಿ ಕೊಡುತ್ತಾರೆ, ಕೆಲವಕ್ಕೆ ಲಿಖಿತ ಪರೀಕ್ಷೆ ಮಾತ್ರ, ಇನ್ನು ಕೆಲವಕ್ಕೆ ಎರಡೂ ಪರೀಕ್ಷೆ. ನನ್ನದು ಮೂರನೆಯ ಗುಂಪು. ತರಗತಿಗಳಿಗೆ ಹೋಗಬೇಕೆಂಬ ನಿಯಮ ನನ್ನಂಥವರಿಗೆ ಇಲ್ಲ, ಆದರೆ ಪರೀಕ್ಷೆಗೆ ಚಾಲನಾ ಶಾಲೆಯ ಕಾರಿನಲ್ಲೇ, ಶಿಕ್ಷಕರ ಜೊತೆಯಲ್ಲೇ ಹೋಗಬೇಕು. ಹಾಗಾಗಿ ಹೇಗೂ ಹೋಗಬೇಕಲ್ಲ ಎಂದು ಕೆಲವು ಪಾಠಗಳನ್ನು ಕೇಳಿ ಪಡೆದೆ. ನನ್ನ ಜೊತೆ ಕುಳಿತಿದ್ದ ಹದಿನೇಳು, ಹದಿನೆಂಟರ ಮಕ್ಕಳಿಗೆ ಇದ್ದ ಕಡ್ಡಾಯದ ಪಟ್ಟಿ ನೋಡಿ ನಿಜವಾಗಿ ಬೆರಗಾದೆ. ತೊಂಬತ್ತು ನಿಮಿಷಗಳ 14 ತರಗತಿಗಳು. ಪ್ರಥಮ ಚಿಕಿತ್ಸೆಯ ಒಂದು ಇಡೀ ದಿನದ ತರಬೇತಿ. ಊರೊಳಗೆ ಎಷ್ಟು ಬೇಕೋ ಅಷ್ಟು ಅಭ್ಯಾಸ, ಅದರ ಮೇಲೆ ವಿಶೇಷ ಪಾಠಗಳು: ಊರಾಚೆಯ ರಸ್ತೆಗಳಲ್ಲಿ 5, ಆಟೋಬಾನಿನಲ್ಲಿ 4, ಕತ್ತಲಲ್ಲಿ 3, ಒಂದೊಂದೂ 45 ನಿಮಿಷ. ಇವು ಮುಗಿಯದೆ ಪರೀಕ್ಷೆಯೇ ಇಲ್ಲ. ಪರೀಕ್ಷೆ 55 ನಿಮಿಷ. ಅಷ್ಟಾದ ಮೇಲೂ ಮೊದಲ ಎರಡು ವರ್ಷ ಪರೀಕ್ಷಾರ್ಥ ಅವಧಿ, ಆ ಅವಧಿಯಲ್ಲಿ ಒಂದು ತೊಟ್ಟು ಮದ್ಯಕ್ಕೂ ಅವಕಾಶವಿಲ್ಲ.

ಲಿಖಿತ ಪರೀಕ್ಷೆಯ ಪ್ರಶ್ನೆಗಳು ಸಾವಿರಕ್ಕೂ ಹೆಚ್ಚು. ಪರೀಕ್ಷೆಯಲ್ಲಿ ಬರುವುದು 30. ಪ್ರತಿ ತಪ್ಪಿಗೂ ಒಂದೇ ಬೆಲೆ ಅಲ್ಲ, ಎರಡರಿಂದ ಐದು ಅಂಕದವರೆಗೆ ಕಳೆಯುತ್ತಾರೆ. ಒಟ್ಟು ಹತ್ತು ಅಂಕದವರೆಗೆ ತಪ್ಪಬಹುದು. ಆದರೆ ಐದು ಅಂಕದ ಎರಡು ಪ್ರಶ್ನೆ ತಪ್ಪಿದರೆ, ಉಳಿದದ್ದೆಲ್ಲ ಸರಿಯಿದ್ದರೂ, ಅನುತ್ತೀರ್ಣ. ಯಾರು ಮೊದಲು ಹೋಗಬೇಕು ಎನ್ನುವಂಥ ಪ್ರಶ್ನೆಗಳಿಗೆ ಐದು ಅಂಕ. ತಪ್ಪನ್ನು ಎಣಿಸುವುದಲ್ಲ, ತೂಗುವುದು ಎಂಬ ಈ ಕ್ರಮ ನನಗೆ ಬಹಳ ಹಿಡಿಸಿತು. ಓದುವಾಗ ಮನೆಯಲ್ಲಿ ಬಾಯಿಪಾಠ ಮಾಡಿದ ಒಂದು ಲೆಕ್ಕ ಈಗಲೂ ತಲೆಯಲ್ಲಿದೆ. ವೇಗವನ್ನು ಹತ್ತರಿಂದ ಭಾಗಿಸಿ ಮೂರರಿಂದ ಗುಣಿಸಿದರೆ, ಕಣ್ಣು ಕಂಡು ಕಾಲು ಬ್ರೇಕ್ ಮುಟ್ಟುವ ಹೊತ್ತಿಗೆ ಕಾರು ಓಡಿರುವ ದೂರ ಮೀಟರುಗಳಲ್ಲಿ ಸಿಗುತ್ತದೆ. ಹತ್ತರಿಂದ ಭಾಗಿಸಿದ್ದನ್ನು ಅದರಿಂದಲೇ ಗುಣಿಸಿದರೆ ಬ್ರೇಕ್ ಹಿಡಿದು ನಿಲ್ಲುವ ದೂರ. 50ರಲ್ಲಿ ಎರಡೂ ಸೇರಿ 40 ಮೀಟರ್. 100ರಲ್ಲಿ 130. ವೇಗ ಎರಡರಷ್ಟು, ದೂರ ಮೂರರಷ್ಟಕ್ಕಿಂತ ಹೆಚ್ಚು. ಎಂಟು ವರ್ಷ ಓಡಿಸಿದ ಮೇಲೆ ಒಂದು ಸಂಜೆ ಅಡುಗೆಮನೆಯ ಮೇಜಿನ ಮೇಲೆ ಈ ಲೆಕ್ಕ ಬರೆದು ನೋಡಿದಾಗ, ಇಂಟರ್‌ಸ್ಟೇಟಿನಲ್ಲಿ ಮುಂದಿನ ಕಾರಿನ ನಂಬರ್ ಫಲಕ ಓದುವಷ್ಟು ಹತ್ತಿರ ಹೋಗುತ್ತಿದ್ದ ಬೆಳಿಗ್ಗೆಗಳು ನೆನಪಾದವು.

ಮೊದಲ ಚಾಲನಾ ಪರೀಕ್ಷೆಯಲ್ಲಿ ನಾನು ಅನುತ್ತೀರ್ಣಳಾದೆ. ಪರೀಕ್ಷಕರು ಹಿಂದಿನ ಸೀಟಿನಲ್ಲಿ ಕುಳಿತಿದ್ದರು, ಶಿಕ್ಷಕರು ನನ್ನ ಪಕ್ಕ, ಅವರ ಕಾಲ ಕೆಳಗೂ ಪೆಡಲುಗಳು. ಆಟೋಬಾನ್ ಚೆನ್ನಾಗಿಯೇ ಮುಗಿಯಿತು. ಊರೊಳಗೆ ಬಲಕ್ಕೆ ತಿರುಗುವಾಗ ಪಕ್ಕದಲ್ಲಿ ಸೈಕಲ್ ಪಥ ಇತ್ತು. ಕನ್ನಡಿ ನೋಡಿದೆ, ತಿರುಗಿದೆ, ಕತ್ತು ಹೊರಳಿಸಲಿಲ್ಲ. ಅಂಥದ್ದು ಮೂರನೇ ಸಲ. ಕಾರು ನಿಲ್ಲಿಸಲು ಹೇಳಿದರು. ಸೈಕಲ್ ಇರಲಿಲ್ಲವಲ್ಲ ಎಂದೆ. "ಇರಲಿಲ್ಲ ಎಂಬುದು ನಿಮಗೆ ಗೊತ್ತಿರಲಿಲ್ಲ" ಎಂದರು ಪರೀಕ್ಷಕರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಎರಡು ವಾರ ಕಾದು ಮತ್ತೆ ಬರೆಸಿಕೊಂಡೆ. ಭುಜದ ಮೇಲಿನ ಆ ನೋಟಕ್ಕೆ ಜರ್ಮನ್ನರು ಷುಲ್ಟರ್‌ಬ್ಲಿಕ್ ಎನ್ನುತ್ತಾರೆ. ಆ ಎರಡು ವಾರ ನಾನು ಕಾಲುದಾರಿಯಲ್ಲಿ ನಡೆದುಹೋಗುವಾಗಲೂ ಕತ್ತು ಹೊರಳಿಸುತ್ತಿದ್ದೆ.

ಜರ್ಮನಿಯ ಆಟೋಬಾನ್ ಎಂದರೆ ಹೊರಗಿನವರ ಕಣ್ಣಿಗೆ ಮೊದಲು ಬರುವುದು ವೇಗ. ದೊಡ್ಡ ಭಾಗಗಳಲ್ಲಿ ವೇಗಮಿತಿ ಇಲ್ಲ ಎಂಬುದು ನಿಜ. 130 ಎಂಬುದು ಸಲಹೆಯ ವೇಗ ಮಾತ್ರ. ಆದರೆ ಆ ರಸ್ತೆಯನ್ನು ನಿಜವಾಗಿ ಹಿಡಿದಿಟ್ಟಿರುವುದು ಬೇರೊಂದು ನಿಯಮ: ಬಲಗಡೆ ಜಾಗವಿದ್ದರೆ ಬಲಗಡೆಯೇ ಇರಬೇಕು, ಹಿಂದಿಕ್ಕುವುದು ಎಡಗಡೆಯಿಂದ ಮಾತ್ರ, ಹಿಂದಿಕ್ಕಿದ ಮೇಲೆ ಮತ್ತೆ ಬಲಕ್ಕೆ ಬರಬೇಕು. ಇದು ಸೌಜನ್ಯದ ಮಾತು ಎಂದುಕೊಂಡಿದ್ದೆ. ಶಿಕ್ಷಕರು ಒಂದು ವಿಶ್ರಾಂತಿ ತಾಣದಲ್ಲಿ ಕಾರು ನಿಲ್ಲಿಸಿಸಿ ಲೆಕ್ಕ ಹಾಕಿಸಿದರು. ಲಾರಿ 80ರಲ್ಲಿ ಹೋಗುತ್ತಿದೆ, ನೀವು 110ರಲ್ಲಿ ಅದನ್ನು ದಾಟಲು ಎಡಕ್ಕೆ ಬಂದಿದ್ದೀರಿ. ನಿಮ್ಮ ನಡುವಿನ ವ್ಯತ್ಯಾಸ ಸೆಕೆಂಡಿಗೆ ಎಂಟು ಮೀಟರ್ ಚಿಲ್ಲರೆ. ಹಿಂದೆ, ಮುಂದೆ ಸುರಕ್ಷಿತ ಅಂತರ ಬಿಟ್ಟು ದಾಟಲು ಹದಿನಾಲ್ಕು ಸೆಕೆಂಡಾದರೂ ಬೇಕು. ಈಗ ಎಡಪಥದಲ್ಲಿ 200 ಮೀಟರ್ ಹಿಂದೆ ಒಂದು ಕಾರು 190ರಲ್ಲಿ ಬರುತ್ತಿದೆ. ಅದು ನಿಮ್ಮನ್ನು ತಲುಪಲು ಒಂಬತ್ತು ಸೆಕೆಂಡು ಸಾಕು. ಹೊರಡುವ ಮುಂಚೆ ಆ ಐದು ಸೆಕೆಂಡುಗಳ ಕೊರತೆ ನಿಮ್ಮ ಕಣ್ಣಿಗೆ ಬಿದ್ದಿರಬೇಕು. ಕನ್ನಡಿಯಲ್ಲಿ ಅದು ಒಂದು ಸಣ್ಣ ಬೆಳಕಿನ ಚುಕ್ಕೆ ಅಷ್ಟೇ. ಚುಕ್ಕೆ ಬೆಳೆಯುತ್ತಿದೆಯೇ, ಎಷ್ಟು ಬೇಗ ಬೆಳೆಯುತ್ತಿದೆ ಎಂದು ನೋಡುವುದನ್ನು ಅವರು ನನಗೆ ನಾಲ್ಕು ಪಾಠಗಳಲ್ಲಿ ಕಲಿಸಿದರು. ಒಮ್ಮೆ ನೋಡು, ಎರಡು ಎಣಿಸು, ಮತ್ತೆ ನೋಡು. ಎರಡು ನೋಟಗಳ ನಡುವಿನ ವ್ಯತ್ಯಾಸವೇ ಆ ಕಾರಿನ ವೇಗ.

ಅಮೆರಿಕದ ಹೆದ್ದಾರಿಯ ಒಡಂಬಡಿಕೆಯೇ ಬೇರೆ. ಅಲ್ಲಿ ಹಲವು ಪಥಗಳ ರಸ್ತೆಯಲ್ಲಿ ಬಲಗಡೆಯಿಂದ ದಾಟುವುದು ಸಾಮಾನ್ಯವಾಗಿ ತಪ್ಪಲ್ಲ. ಎಡಪಥದ ಬಗ್ಗೆ ರಾಜ್ಯಕ್ಕೊಂದು ಕಾನೂನು. ಜನ ತಮಗೆ ಬೇಕಾದ ಪಥ ಆರಿಸಿಕೊಂಡು ಅದರಲ್ಲೇ ಹತ್ತಾರು ಮೈಲಿ ಸಾಗುತ್ತಾರೆ. ಎಲ್ಲರೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಹೋಗುವಾಗ ಇದು ನಡೆಯುತ್ತದೆ. ಹಾಗೆ ಸಾಗುವಾಗ ಎರಡೂ ಕಡೆಯಿಂದ ಯಾರಾದರೂ ಬರಬಹುದು ಎಂಬ ಎಚ್ಚರ ಸದಾ ಇರಬೇಕು. ಜರ್ಮನಿಯಲ್ಲಿ ಬಲಕ್ಕೆ ಸರಿಯುವಾಗ ಅಲ್ಲಿಂದ ಯಾರೂ ಮಿಂಚಿನಂತೆ ನುಗ್ಗುವುದಿಲ್ಲ ಎಂದು ನಂಬಬಹುದು, ಆದರೂ ಕತ್ತು ಹೊರಳಿಸಲೇಬೇಕು. ಅಮೆರಿಕದಲ್ಲಿ ಆ ನಂಬಿಕೆಗೆ ಆಧಾರವೇ ಇಲ್ಲ. ಒಂದು ದೇಶದಲ್ಲಿ ಓಡಿಸಿ ಬಂದವರು ಇನ್ನೊಂದರಲ್ಲಿ ಎಡವುವುದು ಇಂಥಲ್ಲೇ. ಕೈಕಾಲು ಮರೆತಿರುವುದಿಲ್ಲ, ಬದಲಿಗೆ ಪಕ್ಕದವನು ಏನು ಮಾಡುತ್ತಾನೆ ಎಂಬ ಊಹೆ ಹಳೆಯ ದೇಶದ್ದೇ ಆಗಿರುತ್ತದೆ.

ಅಮೆರಿಕದವರಿಗೆ ಶಿಸ್ತಿಲ್ಲ ಎಂದು ಯುರೋಪಿನಲ್ಲಿ ಹೇಳುವುದನ್ನು ಕೇಳಿದ್ದೇನೆ. ಒಪ್ಪುವುದಿಲ್ಲ. ನಾಲ್ಕೂ ಕಡೆ ನಿಲ್ಲುವ ಫಲಕವಿರುವ ಕೂಡುರಸ್ತೆಯಲ್ಲಿ ಅವರು ನಡೆದುಕೊಳ್ಳುವುದನ್ನು ನೋಡಬೇಕು. ಯಾರು ಮೊದಲು ಬಂದು ನಿಂತರೋ ಅವರು ಮೊದಲು. ದೀಪವಿಲ್ಲ, ಪೊಲೀಸರಿಲ್ಲ, ನಾಲ್ಕು ಅಪರಿಚಿತರು ಬಂದ ಕ್ರಮವನ್ನು ನೆನಪಿಟ್ಟುಕೊಂಡು ಒಬ್ಬೊಬ್ಬರಾಗಿ ಸಾಗುತ್ತಾರೆ. ಹಳದಿ ಶಾಲಾ ಬಸ್ಸಿನ ಕೆಂಪು ದೀಪ ಮಿನುಗಿದರೆ ಎದುರು ದಿಕ್ಕಿನ ವಾಹನಗಳೂ ನಿಲ್ಲುವುದನ್ನು ಮೊದಲ ಸಲ ನೋಡಿದಾಗ ನನ್ನ ಗಂಟಲು ಕಟ್ಟಿತ್ತು. ಜರ್ಮನಿಯಲ್ಲಿಯೂ ಎಲ್ಲ ಹಾಲುಜೇನಲ್ಲ. ಎಡಪಥದಲ್ಲಿ ಬೆನ್ನಿಗೆ ಅಂಟಿಕೊಂಡು ದೀಪ ಮಿನುಗಿಸುತ್ತ ಒತ್ತಡ ಹೇರುವವರು ಅಲ್ಲಿದ್ದಾರೆ. ಅಂತರವು ಮೀಟರುಗಳಲ್ಲಿ ವೇಗಮಾಪಕದ ಅರ್ಧದಷ್ಟಿರಬೇಕು ಎಂದು ಚಾಲನಾ ಶಾಲೆಯಲ್ಲಿ ಎಲ್ಲರೂ ಕಲಿತಿರುತ್ತಾರೆ, 100ರಲ್ಲಿ 50 ಮೀಟರ್. ಗೊತ್ತಿದ್ದೂ ಮುರಿಯುವವರ ಮುಂದೆ ಯಾವ ಶಾಲೆಯೂ ನಿರುಪಾಯ.

ಆದರೂ ಆ ದೇಶದ ರಸ್ತೆಯ ಮೇಲೆ ನನಗೆ ಗೌರವ ಹುಟ್ಟಿಸಿದ್ದು ವೇಗದ ಗಳಿಗೆಯಲ್ಲ, ಎಲ್ಲ ನಿಂತುಹೋದ ಒಂದು ಗಳಿಗೆ. ಪರವಾನಗಿ ಸಿಕ್ಕ ವರ್ಷದ ನವೆಂಬರ್‌ನಲ್ಲಿ, ಮೂರು ಪಥಗಳ ಆಟೋಬಾನಿನಲ್ಲಿ ಮುಂದಿನ ಕಾರುಗಳ ಎಚ್ಚರಿಕೆ ದೀಪಗಳು ಒಂದೊಂದಾಗಿ ಹೊತ್ತಿಕೊಂಡವು. ವೇಗ ನಡಿಗೆಗೆ ಇಳಿಯಿತು. ಸೈರನ್ ಇನ್ನೂ ಎಲ್ಲಿಯೂ ಕೇಳಿಸುತ್ತಿರಲಿಲ್ಲ. ಅಷ್ಟರಲ್ಲೇ ಎಡಪಥದ ಕಾರುಗಳು ಎಡಕ್ಕೆ, ತಡೆಗೋಡೆಗೆ ಕನ್ನಡಿ ತಾಗುವಷ್ಟು ಸರಿದವು. ನಡುವಿನ ಪಥದವರೂ ಬಲಪಥದವರೂ ಬಲಕ್ಕೆ ಸರಿದೆವು. ಒಂದು ದೊಡ್ಡ ಲಾರಿ ಮುಂದಿನ ಚಕ್ರಗಳನ್ನು ಹೊರಳಿಸಿ, ಇಂಚಿಂಚೇ ಹಿಂದೆ ಮುಂದೆ ಆಡಿ, ತನ್ನ ಉದ್ದದ ಬಾಲವನ್ನು ಅಂಚಿಗೆ ಎಳೆದುಕೊಂಡಿತು. ನೂರಾರು ವಾಹನಗಳ ನಡುವೆ ಉದ್ದಕ್ಕೂ ಒಂದು ಖಾಲಿ ಓಣಿ ತೆರೆದುಕೊಂಡಿತು. ಸುಮಾರು ಎರಡು ನಿಮಿಷದ ಮೇಲೆ ಆಂಬುಲೆನ್ಸ್ ಬಂತು, ವೇಗ ತಗ್ಗಿಸದೆ ನನ್ನ ಕಿಟಕಿಯ ಪಕ್ಕದಿಂದ ಹಾದುಹೋಯಿತು. ಅದರ ಗಾಳಿಗೆ ನನ್ನ ಕಾರು ಒಮ್ಮೆ ತೂಗಿತು.

ರೆಟ್ಟುಂಗ್ಸ್‌ಗಾಸೆ, ಎಂದರೆ ಜೀವ ಉಳಿಸುವ ಓಣಿ. ಆಂಬುಲೆನ್ಸ್ ಬಂದಾಗ ದಾರಿ ಬಿಡುವುದಲ್ಲ, ಬರುವ ಮುಂಚೆಯೇ ಬಿಟ್ಟಿರುವುದು. ವಾಹನಗಳು ನಡಿಗೆಯ ವೇಗಕ್ಕಿಳಿದ ಕೂಡಲೇ, ಅಪಘಾತವಾಗಿದೆಯೋ ಇಲ್ಲವೋ ತಿಳಿಯದಿದ್ದರೂ, ಓಣಿ ಇರಬೇಕು. ಬಿಡದವರಿಗೆ 200 ಯೂರೊಗಳಿಂದ ದಂಡ ಶುರು. ಚಾಲನಾ ಶಾಲೆಯಲ್ಲಿ ಕಲಿಸುವ ಗುರುತು ಬಲಗೈಯದು: ಅಂಗೈ ಕೆಳಗೆ ಮಾಡಿ ಬೆರಳು ಚಾಚಿದರೆ ಹೆಬ್ಬೆರಳು ಎಡಪಥ, ಉಳಿದ ನಾಲ್ಕು ಬೆರಳು ಬಾಕಿ ಪಥಗಳು, ನಡುವಿನ ಸಂದಿಯೇ ಓಣಿ. ಆಸ್ಟ್ರಿಯಾದಲ್ಲಿ ಇದು 2012ರಿಂದ ಕಡ್ಡಾಯ. ಆ ನವೆಂಬರ್ ಸಂಜೆ ನನ್ನ ಬಲಗೈ ಸ್ಟೀರಿಂಗ್ ಬಿಟ್ಟು ಒಂದು ಕ್ಷಣ ಚಾಚಿಕೊಂಡದ್ದನ್ನು ನಾನೇ ನೋಡಿದೆ. ಮುಂದೆ ಯಾರು ನರಳುತ್ತಿದ್ದರೋ ನನಗೆ ಗೊತ್ತಾಗಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ಎಲ್ಲರೂ ಸರಿದಿದ್ದರು.

ಆ ಮೇಲಿಂದ ಬೇರೆ ದೇಶಗಳಲ್ಲಿ ಹೇಗೆ ಕಲಿಸುತ್ತಾರೆ ಎಂದು ಹುಡುಕಿ ಓದುವುದು ನನಗೆ ಗೀಳಾಯಿತು. ಜಪಾನಿನ ಕ್ರಮ ಜರ್ಮನಿಗಿಂತ ಬೇರೆ ಜಾಡಿನದು. ಅಲ್ಲಿ ಬಹುಪಾಲು ಜನ ಮಾನ್ಯತೆ ಪಡೆದ ಶಾಲೆಗಳಲ್ಲಿ ಕಲಿಯುತ್ತಾರೆ. ಆ ಶಾಲೆಗಳ ಆವರಣದಲ್ಲೇ ದೀಪ, ಕೂಡುರಸ್ತೆ, ದಿಬ್ಬ, ರೈಲ್ವೆ ಗೇಟು ಎಲ್ಲವೂ ಇರುವ ಪುಟ್ಟ ಊರಿನಂಥ ಮೈದಾನ. ತರಗತಿ 26 ಗಂಟೆ, ಗೇರಿಲ್ಲದ ಕಾರಾದರೆ ಚಾಲನೆ 31, ಗೇರಿನದಾದರೆ ಇನ್ನೂ ಕೆಲವು ಗಂಟೆ ಹೆಚ್ಚು. ಮೊದಲ ಹಂತವೆಲ್ಲ ಆವರಣದೊಳಗೆ. ಅಲ್ಲಿ ತಾತ್ಕಾಲಿಕ ಪರವಾನಗಿ ಸಿಕ್ಕ ಮೇಲಷ್ಟೇ ನಿಜವಾದ ರಸ್ತೆ. ಕಾರಿನ ಅಗಲಕ್ಕೆ ಸ್ವಲ್ಪವೇ ಹೆಚ್ಚಿರುವ, ಎರಡು ಕಡೆ ಲಂಬಕೋನದಲ್ಲಿ ತಿರುಗುವ ಓಣಿಯಲ್ಲಿ ಚಕ್ರ ಅಂಚು ಹತ್ತದಂತೆ ಸಾಗಬೇಕು. ಹಳಿಯ ಮುಂದೆ ಗೇಟು ತೆರೆದಿದ್ದರೂ ಪೂರ್ತಿ ನಿಲ್ಲಿಸಬೇಕು, ಪಾಠದಲ್ಲಿ ಕಿಟಕಿಯ ಗಾಜು ಇಳಿಸಿ ಕಿವಿಗೊಡಬೇಕು. ರೈಲು ಬರುತ್ತಿದೆಯೇ ಎಂದು ಕಣ್ಣಿನಿಂದ ನೋಡುವುದರ ಜೊತೆಗೆ ಕಿವಿಯಿಂದಲೂ ಕೇಳುವುದನ್ನು ಚಾಲನೆಯ ಭಾಗ ಮಾಡಿದ ಜನ ಅವರು. ಹೆದ್ದಾರಿಯ ಪಾಠ ಎರಡನೇ ಹಂತದಲ್ಲಿದೆ, ಎಲ್ಲೆಡೆ ರಸ್ತೆಯಲ್ಲೇ ಅಲ್ಲ, ಕೆಲವೆಡೆ ಸಿಮ್ಯುಲೇಟರಿನಲ್ಲಿ ಮುಗಿಯುತ್ತದೆ. ಅದು ನನಗೆ ಸರಿ ಕಾಣುವುದಿಲ್ಲ. ಪಕ್ಕದ ಲಾರಿಯ ಗಾಳಿ ಕಾರನ್ನು ತಳ್ಳಿ ಮರುಕ್ಷಣ ಎಳೆಯುವುದನ್ನು ಪರದೆ ಕಲಿಸಲಾರದು.

ಜಪಾನಿನ ಹಸಿರು ಹಳದಿ ಚಿಗುರೆಲೆಯ ಗುರುತು ಮಾತ್ರ ಎಲ್ಲ ದೇಶಗಳೂ ತೆಗೆದುಕೊಳ್ಳಬೇಕಾದದ್ದು. ಹೊಸಬರು ಮೊದಲ ಒಂದು ವರ್ಷ ಅದನ್ನು ಕಾರಿಗೆ ಅಂಟಿಸಿಕೊಳ್ಳಲೇಬೇಕು. 1972ರಿಂದ ಇದೆ. ಅದರ ಅಂದ ಇರುವುದು ಇನ್ನೊಂದು ಬದಿಯಲ್ಲಿ: ಆ ಗುರುತಿರುವ ಕಾರಿನ ಪಕ್ಕಕ್ಕೆ ಒತ್ತಿಕೊಂಡು ಹೋಗುವುದು, ಮುಂದೆ ಅಡ್ಡ ನುಗ್ಗುವುದು ಉಳಿದವರಿಗೆ ಅಪರಾಧ. ಕಲಿಯುವ ಹೊಣೆ ಹೊಸಬರದು, ಕಲಿಯಲು ಬಿಡುವ ಹೊಣೆ ಎಲ್ಲರದು ಎಂದು ಕಾನೂನೇ ಹೇಳುತ್ತದೆ.

ಬ್ರಿಟನ್ನಿನ ಕಥೆ ಓದಿದಾಗ ನನ್ನದೇ ಮೊದಲ ದಿನ ಕಣ್ಣ ಮುಂದೆ ಬಂತು. ಅಲ್ಲಿ ಚಾಲನಾ ಪರೀಕ್ಷೆ 1935ರಲ್ಲಿ ಕಡ್ಡಾಯವಾಯಿತು, ಮೊದಲ ಮೋಟಾರುಮಾರ್ಗ 1958ರಲ್ಲಿ ತೆರೆಯಿತು. ಆದರೆ ಕಲಿಯುವವರು ಮೋಟಾರುಮಾರ್ಗಕ್ಕೆ ಕಾಲಿಡಲು ಅನುಮತಿ ಸಿಕ್ಕದ್ದು 2018ರ ಜೂನ್‌ನಲ್ಲಿ, ಅದೂ ಮಾನ್ಯತೆಯುಳ್ಳ ಶಿಕ್ಷಕರ ಜೊತೆ, ಎರಡು ಜೋಡಿ ಪೆಡಲಿನ ಕಾರಿನಲ್ಲಿ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆ ದೇಶದ ಪ್ರತಿ ಹೊಸ ಚಾಲಕ ತನ್ನ ಮೊದಲ ಮೋಟಾರುಮಾರ್ಗವನ್ನು ಪರವಾನಗಿ ಕೈಗೆ ಬಂದ ಮೇಲೆ, ಬಹುಶಃ ಒಬ್ಬನೇ, ಎದುರಿಸಿದ. ಫ್ರಾನ್ಸಿನಲ್ಲಿ ರಸ್ತೆಯೇ ಕಲಿಸುವ ಒಂದು ಏರ್ಪಾಡಿದೆ. ಹೆದ್ದಾರಿಯ ಅಂಚಿನ ಬಿಳಿ ಗೆರೆ ತುಂಡುತುಂಡಾಗಿರುತ್ತದೆ, ಒಂದೊಂದು ತುಂಡು 39 ಮೀಟರ್, ನಡುವೆ 13 ಮೀಟರ್ ಖಾಲಿ. ಒಂದು ಗೆರೆ ಅಪಾಯ, ಎರಡು ಗೆರೆ ಸುರಕ್ಷಿತ ಎಂಬ ಫಲಕ ಅಲ್ಲಲ್ಲಿ ಇರುತ್ತದೆ. ಮುಂದಿನ ಕಾರಿಗೂ ನಿಮಗೂ ನಡುವೆ ಎರಡು ತುಂಡು ಕಾಣುತ್ತಿರಬೇಕು, ಅಷ್ಟೇ. ಲೆಕ್ಕ ಬೇಡ, ಸೆಕೆಂಡು ಎಣಿಸುವುದು ಬೇಡ. ಒಮ್ಮೆ ಆ ರಸ್ತೆಯಲ್ಲಿ ಇಡೀ ಮಧ್ಯಾಹ್ನ ಓಡಿಸಿದೆ. ಇಷ್ಟು ಸರಳವಾದದ್ದು ಎಲ್ಲ ಕಡೆ ಏಕಿಲ್ಲ ಎಂದು ದಾರಿಯುದ್ದಕ್ಕೂ ಅನ್ನಿಸಿತು.

ಇಷ್ಟು ಹೊತ್ತು ಬರೆದದ್ದನ್ನು ಓದಿದರೆ, ಹೆಚ್ಚು ಗಂಟೆ ಕಲಿಸಿದಷ್ಟೂ ಒಳ್ಳೆಯದು ಎಂದು ನಾನು ಹೇಳುತ್ತಿದ್ದೇನೆ ಎನ್ನಿಸಬಹುದು. ಹಾಗೆಯೇ ನಂಬಿದ್ದೆ. ಎರಡು ಸಂಗತಿಗಳು ಆ ನಂಬಿಕೆಯನ್ನು ಅಲ್ಲಾಡಿಸಿದವು. ಅಮೆರಿಕದ ಜಾರ್ಜಿಯಾ ರಾಜ್ಯದ ಡಿಕ್ಯಾಬ್ ಕೌಂಟಿಯಲ್ಲಿ 1970ರ ದಶಕದ ಕೊನೆಗೆ ಸುಮಾರು 16,000 ಹದಿಹರೆಯದವರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಆ ಕಾಲದ ಅತ್ಯುತ್ತಮ ತರಬೇತಿ, ಇನ್ನೊಂದಕ್ಕೆ ಪರವಾನಗಿಗೆ ಬೇಕಾದಷ್ಟು ಮಾತ್ರ, ಮೂರನೆಯದಕ್ಕೆ ಶಾಲೆಯಲ್ಲಿ ಏನೂ ಇಲ್ಲ. ಅಪಘಾತಗಳಲ್ಲಿ ಉಳಿಯುವಂಥ ವ್ಯತ್ಯಾಸ ಕಾಣಲಿಲ್ಲ. ನಾರ್ವೆಯದು ಇನ್ನೂ ಕಠಿಣ. ಅಲ್ಲಿ 1979ರಲ್ಲಿ ಹೊಸ ಚಾಲಕರಿಗೆ ಕತ್ತಲಲ್ಲಿ ಓಡಿಸುವ ಮತ್ತು ಜಾರುವ ರಸ್ತೆಯಲ್ಲಿ ಕಾರನ್ನು ಹಿಡಿತಕ್ಕೆ ತರುವ ತರಬೇತಿ ಕಡ್ಡಾಯ ಮಾಡಿದರು. ಕತ್ತಲಿನ ಅಪಘಾತಗಳು ಇಳಿದವು. ಜಾರುವ ರಸ್ತೆಯಲ್ಲಿ ಯುವಕರ ಅಪಘಾತಗಳು ಏರಿದವು. ಜಾರಿದರೆ ಹಿಡಿತಕ್ಕೆ ತರಬಲ್ಲೆ ಎಂದು ನಂಬಿದವನು ಜಾರುವಷ್ಟು ವೇಗದಲ್ಲಿ ಹೋಗುತ್ತಾನೆ. ಆ ಪಾಠದಿಂದ ನಾರ್ಡಿಕ್ ದೇಶಗಳಲ್ಲಿ ಜಾರುರಸ್ತೆಯ ತರಬೇತಿಯ ಗುರಿಯೇ ಬದಲಾಯಿತು. ಈಗ ಕಲಿಸುವುದು ಜಾರಿದ ಕಾರನ್ನು ಹಿಡಿಯುವ ಚಳಕವಲ್ಲ, ಸ್ವಲ್ಪ ವೇಗ ಹೆಚ್ಚಾದರೂ ಹಿಡಿಯಲಾಗದು ಎಂಬ ಅನುಭವ.

ಸ್ವೀಡನ್ ಇನ್ನೊಂದು ದಾರಿ ಹಿಡಿಯಿತು. 1993ರಲ್ಲಿ ಅಭ್ಯಾಸ ಶುರುಮಾಡುವ ವಯಸ್ಸನ್ನು ಹದಿನೇಳೂವರೆಯಿಂದ ಹದಿನಾರಕ್ಕೆ ಇಳಿಸಿದರು, ಪರವಾನಗಿಯ ವಯಸ್ಸು ಹದಿನೆಂಟೇ ಉಳಿಯಿತು. ಎರಡು ವರ್ಷ ತಂದೆಯೋ ತಾಯಿಯೋ ಪಕ್ಕದಲ್ಲಿ ಕುಳಿತು, ಹಿಂದೆ ಸುಮಾರು 50 ಗಂಟೆ ಓಡಿಸುತ್ತಿದ್ದವರು ಸುಮಾರು 120 ಗಂಟೆ ಓಡಿಸಿದರು. ಆ ಅವಕಾಶ ಬಳಸಿಕೊಂಡವರ ಅಪಘಾತಗಳು ಗಣನೀಯವಾಗಿ ಇಳಿದವು. ಫ್ರಾನ್ಸಿನಲ್ಲಿಯೂ ಹದಿನೈದರಿಂದ ಹಿರಿಯರ ಜೊತೆ ಓಡಿಸಬಹುದು, ಕನಿಷ್ಠ ಒಂದು ವರ್ಷ, ಕನಿಷ್ಠ 3,000 ಕಿಲೋಮೀಟರ್. ಪಕ್ಕದಲ್ಲಿ ಯಾರೋ ಇರುವಾಗಲೇ ಮಳೆ, ಮಂಜು, ಜಗಳಗಂಟ ಚಾಲಕರು, ದಾರಿ ತಪ್ಪುವುದು ಎಲ್ಲವೂ ಒಂದೊಂದು ಸಲ ಬಂದುಹೋಗುತ್ತವೆ.

ಇವೆಲ್ಲವನ್ನು ಒಟ್ಟಿಗಿಟ್ಟು ಯೋಚಿಸಿದಾಗ ನನಗೆ ಕಂಡದ್ದು ಇದು. ಕಾರನ್ನು ಹಿಡಿತದಲ್ಲಿಡುವುದು ಕಲಿಕೆಯ ಸಣ್ಣ ಭಾಗ. ಹೆದ್ದಾರಿಯಲ್ಲಿ ನಮ್ಮ ಜೀವ ನಿಂತಿರುವುದು ನಾವು ಎಂದೂ ಮಾತನಾಡಿಸದ ಜನರ ಮುಂದಿನ ಮೂರು ಸೆಕೆಂಡುಗಳ ಮೇಲೆ. ಅವರು ನನ್ನನ್ನು ಊಹಿಸಬಲ್ಲರೇ, ನಾನು ಅವರನ್ನು ಊಹಿಸಬಲ್ಲೆನೇ? ಒಳ್ಳೆಯ ತರಬೇತಿ ಆ ಊಹೆಯನ್ನು ಎಲ್ಲರಿಗೂ ಒಂದೇ ಮಾಡುತ್ತದೆ. ಆಟೋಬಾನಿನ ಬಲಪಥ, ಜೀವದ ಓಣಿ, ಹಳಿಯ ಮುಂದೆ ಇಳಿಯುವ ಗಾಜು, ಕೂಡುರಸ್ತೆಯ ಸರದಿ, ಎಲ್ಲವೂ ಅದೇ. ಪರೀಕ್ಷೆ ಹದಿನೈದು ನಿಮಿಷದ್ದಾದಾಗ ಆ ಊಹೆಯನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಭಯದಿಂದ, ತಮ್ಮ ತಮ್ಮ ಅವಸರದಿಂದ ಕಟ್ಟಿಕೊಳ್ಳುತ್ತಾರೆ. ನಾನು ಕಟ್ಟಿಕೊಂಡದ್ದು ಬ್ರೇಕಿನ ಮೇಲಿನ ಆ ಕಾಲು.

ಕಳೆದ ಬೇಸಿಗೆಯಲ್ಲಿ ಅಮೆರಿಕಕ್ಕೆ ಹೋಗಿದ್ದಾಗ ನನ್ನ ಅಕ್ಕನ ಮಗಳು ಕಲಿಯುತ್ತಿದ್ದಳು. ಅವಳಿರುವ ರಾಜ್ಯದಲ್ಲಿ ಹದಿಹರೆಯದವರು ಪರೀಕ್ಷೆಗೆ ಮುಂಚೆ 50 ಗಂಟೆ ಹಿರಿಯರ ಜೊತೆ ಓಡಿಸಿರಬೇಕು, ಅದರಲ್ಲಿ 10 ರಾತ್ರಿ. ಅದನ್ನು ಬರೆದಿಡಲು ಒಂದು ಹಾಳೆ ಕೊಟ್ಟಿರುತ್ತಾರೆ. ಭಾನುವಾರ ಬೆಳಿಗ್ಗೆ ಆರಕ್ಕೆ ನಾವು ಮೂವರೂ ಹೊರಟೆವು. ಅಕ್ಕ ಅವಳ ಪಕ್ಕ, ನಾನು ಹಿಂದಿನ ಸೀಟಿನಲ್ಲಿ, ಪರೀಕ್ಷಕರ ಜಾಗದಲ್ಲಿ. ಒಂದೇ ಹೆದ್ದಾರಿ, ಒಂದೇ ಪ್ರವೇಶ. ಹತ್ತುವುದು, ಮುಂದಿನ ನಿರ್ಗಮನದಲ್ಲಿ ಇಳಿಯುವುದು, ಸುತ್ತಿ ಬಂದು ಮತ್ತೆ ಹತ್ತುವುದು. ಮೊದಲ ಸಲ ಅವಳ ಕಾಲು ನನ್ನ ಕಾಲಿನ ಹಾಗೆಯೇ ಬ್ರೇಕಿಗೆ ಹೋಯಿತು. ಬೈಯಲಿಲ್ಲ. ಈ ಪಥ ನಿಲ್ಲುವುದಕ್ಕೆ ಕೊಟ್ಟದ್ದಲ್ಲ ಎಂದಷ್ಟೇ ಹೇಳಿದೆ. ಮೂರನೇ ಸಲ ವೇಗ ಬಂತು, ಕತ್ತು ಹೊರಳಲಿಲ್ಲ. ಐದನೇ ಸಲ ಕತ್ತು ಹೊರಳಿತು, ಕೈ ಜೊತೆಗೆ ಹೊರಳಿ ಕಾರು ಸ್ವಲ್ಪ ಓಲಾಡಿತು, ಅಕ್ಕ ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಏಳನೇ ಸಲ ಅವಳು ಕನ್ನಡಿ ನೋಡಿ, ಎರಡು ಎಣಿಸಿ, ಮತ್ತೆ ನೋಡಿದಳು. ಅವಳ ತುಟಿ ಅಲುಗಿದ್ದು ನನಗೆ ಹಿಂದಿನಿಂದ ಕನ್ನಡಿಯಲ್ಲಿ ಕಂಡಿತು. ಬಲಪಥದಲ್ಲಿ ಬರುತ್ತಿದ್ದ ಲಾರಿಯ ಚಾಲಕ, ಅವಳು ಏನು ಮಾಡಲಿದ್ದಾಳೆ ಎಂದು ಅಷ್ಟು ದೂರದಿಂದಲೇ ಓದಿಕೊಂಡವನಂತೆ, ಎಡಕ್ಕೆ ಇಂಡಿಕೇಟರ್ ಹಾಕಿ ಪಥ ಬಿಟ್ಟುಕೊಟ್ಟ. ಅವಳು ಸೇರಿಕೊಂಡಳು. ಕಾರಿನೊಳಗೆ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಮನೆಗೆ ಬಂದು ಅಕ್ಕ ಹಾಳೆ ತೆಗೆದಳು. ದಿನಾಂಕ, ಸಮಯ, ಹಗಲೋ ರಾತ್ರಿಯೋ, ಹವಾಮಾನ, ಸಹಿ. ಹೆದ್ದಾರಿಗೆ ಎಂದು ಅಂಕಣವೇ ಇರಲಿಲ್ಲ. ಹುಡುಗಿ ಪೆನ್ನು ತೆಗೆದುಕೊಂಡು ಅಂಚಿನ ಖಾಲಿ ಜಾಗದಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದಳು: ಹೆದ್ದಾರಿ, ಹನ್ನೊಂದು ಸಲ.